ಆತುರ ಮತ್ತು ದುಡುಕು

ಹುಬ್ಬಳ್ಳಿಯವರು ನಮ್ಮನ್ನು ಧಾರವಾಡದ ಕಡೆಯವರೆನ್ನುತ್ತಾರೆ, ಧಾರವಾಡದವರು ಹುಬ್ಬಳ್ಳಿಯ ಕಡೆಯವರೆನ್ನುತ್ತಾರೆ. ನಾವು ರಾಯಾಪುರದವರು. ೧೯೬೨ರಲ್ಲಿ ಎರಡೂ ಊರುಗಳನ್ನು ಕೂಡಿಸಿ ಒಂದೇ ಮಹಾನಗರಪಾಲಿಕೆ ಮಾಡಿದಾಗ ಕಾಗದದ ಮೇಲೆ ಈ ತಕರಾರು ಬಗೆಹರಿಯಿತು. ಜನರ ಬಾಯಲ್ಲಿ ಇನ್ನೂ ಬಗೆಹರಿದಿಲ್ಲ. ಹೀಗೆ ಎರಡರ ನಡುವೆ ಬದುಕುವವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಯಾರಾದರೂ ಎರಡು ವಸ್ತುಗಳನ್ನು ತೋರಿಸಿ 'ಎರಡೂ ಒಂದೇ' ಎಂದರೆ, ಅವುಗಳ ನಡುವೆ ಎಷ್ಟು ದೂರವಿದ್ದೀತೆಂದು ಅವನ ಮನಸ್ಸು ಅಳೆಯತೊಡಗುತ್ತದೆ. ಈ ಸಲ ನಾನು ಅಳೆಯಬೇಕಾಗಿ ಬಂದದ್ದು ಊರುಗಳನ್ನಲ್ಲ, ಎರಡು ಮಾತುಗಳನ್ನು. ಮತ್ತು 'ಎರಡೂ ಒಂದೇ' ಎಂದು ಮೊದಲು ಹೇಳಿದವನು ನಾನೇ.

ಮೊನ್ನೆ ತರಗತಿಯಲ್ಲಿ ಪಾಠ ಮುಗಿಯಲು ಐದು ನಿಮಿಷ ಉಳಿದಿತ್ತು. ಹಿಂದಿನ ಸಾಲಿನಲ್ಲಿ ಕುಳಿತ ಒಬ್ಬ ವಿದ್ಯಾರ್ಥಿನಿ ಎದ್ದು, "ಸರ್, ಆತುರ ಅಂದ್ರೂ ದುಡುಕು ಅಂದ್ರೂ ಒಂದೇ ಏನ್ರಿ?" ಎಂದು ಕೇಳಿದಳು. ಗಂಟೆ ಹೊಡೆಯುವ ಹೊತ್ತಿಗೆ ಬರುವ ಪ್ರಶ್ನೆಗಳ ಬಗೆಗೆ ಅಧ್ಯಾಪಕರಿಗೆ ಅಷ್ಟೇನೂ ಪ್ರೀತಿ ಇರುವುದಿಲ್ಲ. "ಹೌದವ್ವ, ಹೆಚ್ಚು ಕಡಿಮೆ ಒಂದೇ. ಪರೀಕ್ಷೆಯೊಳಗ ಯಾವುದು ಬರೆದರೂ ನಡೀತದ" ಎಂದು ಹೇಳಿ ಪುಸ್ತಕ ಮಡಿಚಿದೆ. ಆಕೆ ಕುಳಿತಳು. ಕುಳಿತ ರೀತಿಯಿಂದಲೇ ಆಕೆಗೆ ಸಮಾಧಾನವಾಗಿಲ್ಲವೆಂದು ತಿಳಿಯಿತು.

ಆ ಸಂಜೆ ಚಿಗರಿ ಬಸ್ಸಿನಲ್ಲಿ ಮನೆಗೆ ಮರಳುತ್ತಿದ್ದೆ. ೨೦೧೮ರಿಂದ ಎರಡೂ ಊರುಗಳ ನಡುವೆ, ಸುಮಾರು ೨೨ ಕಿಲೋಮೀಟರಿನ ಉದ್ದಕ್ಕೂ, ತಮ್ಮದೇ ಪ್ರತ್ಯೇಕ ದಾರಿಯಲ್ಲಿ ಓಡುವ ಈ ಬಸ್ಸುಗಳಿಗೆ ನಮ್ಮ ಸೀಮೆಯ ಜಿಂಕೆಯ ಹೆಸರನ್ನಿಟ್ಟವರು ಯಾರೋ ರಸಿಕರೇ ಇರಬೇಕು. ಆ ದಾರಿಯಲ್ಲಿ ಬೇರೆ ಗಾಡಿಗಳು ಬರಕೂಡದು. ಬರಕೂಡದೆಂದ ಮೇಲೆ ಬರುವವರು ಇದ್ದೇ ಇರುತ್ತಾರೆ. ಒಬ್ಬ ತರುಣ ಸ್ಕೂಟರನ್ನು ಬಸ್ಸಿನ ಮೂಗಿನ ಮುಂದೆಯೇ ಅಡ್ಡ ಹಾಯಿಸಿಕೊಂಡು ಹೋದ. ಚಾಲಕ ಜೋರಾಗಿ ಬ್ರೇಕು ಒತ್ತಿದ. ನಿಂತವರೆಲ್ಲ ಮುಂದಕ್ಕೆ ವಾಲಿದೆವು. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಪಾಪ, ಏನ್ ಆತುರ ಇತ್ತೋ ಏನೋ, ಮನಿಯೊಳಗ ಯಾರಿಗರ ಆರಾಮಿಲ್ಲೇನೋ" ಎಂದರು. ಅವರ ಹಿಂದೆ ನಿಂತ ಮತ್ತೊಬ್ಬರು, "ಆತುರ ಅಲ್ರೀ ಯಜಮಾನರ, ದುಡುಕು. ತಾನೂ ಸಾಯ್ತಾನ, ನಮ್ಮನ್ನೂ ಕೊಲ್ತಾನ" ಎಂದರು.

ಕೃತ್ಯ ಒಂದೇ. ಕಂಡ ಕಣ್ಣುಗಳು ಒಂದೇ ಬಸ್ಸಿನಲ್ಲಿದ್ದವು. ಆದರೆ ಒಬ್ಬರು ಒಂದು ಮಾತನ್ನು ಆರಿಸಿಕೊಂಡರು, ಇನ್ನೊಬ್ಬರು ಅದನ್ನು ತಿದ್ದಿ ಮತ್ತೊಂದನ್ನು ಆರಿಸಿಕೊಂಡರು. ಎರಡು ಮಾತುಗಳೂ ಒಂದೇ ಆಗಿದ್ದರೆ ತಿದ್ದುವ ಅಗತ್ಯವೇನಿತ್ತು? ಎಂ.ಎ. ಪದವಿ ಪಡೆದ ಅಧ್ಯಾಪಕನಿಗೆ ತಿಳಿಯದ ಭೇದ ಬಸ್ಸಿನಲ್ಲಿ ನಿಂತವರ ನಾಲಗೆಗೆ ತಿಳಿದಿತ್ತು.

ಮನೆಗೆ ಬಂದು ಮೊದಲು ಪದಗಳ ಕುಲವನ್ನು ವಿಚಾರಿಸಿದೆ. ಆತುರ ಸಂಸ್ಕೃತದಿಂದ ಬಂದದ್ದು. ಅಲ್ಲಿ ಅದಕ್ಕೆ ಮೊದಲ ಅರ್ಥ ಅವಸರವಲ್ಲ. ಬೇನೆಯಿಂದ ಬಳಲುವವನು, ಪೀಡಿತ ಎಂಬುದು. ಆಯುರ್ವೇದದ ಗ್ರಂಥಗಳಲ್ಲಿ ಆತುರನೆಂದರೆ ರೋಗಿ. ಸಾವು ಸಮೀಪಿಸಿದಾಗ, ಇನ್ನು ಕಾಯಲು ಸಮಯವಿಲ್ಲವೆಂದು ತೆಗೆದುಕೊಳ್ಳುವ ಸಂನ್ಯಾಸಕ್ಕೆ ಆತುರ ಸಂನ್ಯಾಸವೆಂದು ಹೆಸರು. ಬೇನೆಯಲ್ಲಿರುವವನಿಗೆ ಒಂದೊಂದು ಗಳಿಗೆಯೂ ಒಂದು ಯುಗ. ಆದ್ದರಿಂದ ಅವನು ಬೇಗ ಬೇಗ ಎನ್ನುತ್ತಾನೆ. ಹೀಗೆ ಬೇನೆಯ ಮಾತು ಕನ್ನಡದಲ್ಲಿ ಅವಸರದ ಮಾತಾಯಿತೆಂದು ತೋರುತ್ತದೆ. ಆದರೆ ಆ ಹಳೆಯ ನೋವಿನ ವಾಸನೆ ಅದನ್ನು ಇನ್ನೂ ಬಿಟ್ಟಿಲ್ಲ. ಬಸ್ಸಿನ ಹಿರಿಯರು 'ಆತುರ' ಎಂದೊಡನೆ ಅವರಿಗೆ ನೆನಪಾದದ್ದು ಮನೆಯಲ್ಲಿ ಮಲಗಿದ ರೋಗಿ!

ದುಡುಕು ಹಾಗಲ್ಲ. ಅದು ನಮ್ಮ ನೆಲದ ಮಾತು. ನೆರೆಯ ತೆಲುಗಿನವರಿಗೂ ಅದು ಸ್ವಂತದ್ದೇ. ತ್ಯಾಗರಾಜರ ಪಂಚರತ್ನ ಕೃತಿಗಳಲ್ಲಿ ಗೌಳ ರಾಗದ್ದು ಈ ಮಾತಿನಿಂದಲೇ ಆರಂಭವಾಗುತ್ತದೆ. ಆ ಕೃತಿಯ ಉದ್ದಕ್ಕೂ ಆ ಮಹಾನುಭಾವರು ತಮ್ಮ ತಪ್ಪುಗಳನ್ನು ತಾವೇ ಎಣಿಸಿ ಹೇಳಿಕೊಳ್ಳುತ್ತಾರೆ. ಅವರು ಅಲ್ಲಿ ದುಡುಕನ್ನು ಬೇನೆಯೆಂದು ತೋರಿಸಿ ಕರುಣೆ ಬೇಡಲಿಲ್ಲ, ತನ್ನ ದೋಷವೆಂದು ಒಪ್ಪಿಕೊಂಡರು ಎಂಬುದನ್ನು ಗಮನಿಸಬೇಕು.

ವ್ಯಾಕರಣವೂ ಇದಕ್ಕೆ ಸಾಕ್ಷಿ ಹೇಳುತ್ತದೆ. ನಾವು ಆತುರ 'ಪಡುತ್ತೇವೆ'. ಕಷ್ಟಪಡು, ದುಃಖಪಡು, ಭಯಪಡು ಎಂಬ ಸಾಲಿನಲ್ಲಿ ಬರುವುದು ಆತುರಪಡು. ಪಡು ಎಂದರೆ ಒಳಗಾಗು, ಅನುಭವಿಸು. ಅಲ್ಲಿ ನಾವು ಏನನ್ನೋ ಮಾಡುವುದಕ್ಕಿಂತ ನಮಗೇ ಏನೋ ಆಗುತ್ತಿರುತ್ತದೆ. ಆದರೆ 'ದುಡುಕುಪಡು' ಎಂದು ಯಾವ ಕನ್ನಡಿಗನೂ ಹೇಳಲಾರ. ದುಡುಕು ತಾನೇ ಕ್ರಿಯಾಪದ: ನಾನು ದುಡುಕಿದೆ, ನೀನು ದುಡುಕಿದೆ, ಅವನು ದುಡುಕಿದ. ಅಲ್ಲಿ ಕರ್ತೃ ತಪ್ಪಿಸಿಕೊಳ್ಳುವಂತಿಲ್ಲ. ಆತುರ ನಮ್ಮ ಮೇಲೆ ಬರುವ ಒಂದು ಅವಸ್ಥೆ; ದುಡುಕು ನಾವು ಮಾಡುವ ಒಂದು ಕೆಲಸ. 'ಆತುರ ಮಾಡಬೇಡ' ಎಂಬ ಪ್ರಯೋಗವೂ ಉಂಟಲ್ಲ ಎಂದು ಓದುಗರು ಕೇಳಬಹುದು. ಉಂಟು. ಆದರೆ ಅದನ್ನು ಹೆಚ್ಚಾಗಿ ಹೇಳುವುದು, ಆತುರ ಇನ್ನೇನು ಕೈಗಿಳಿಯುತ್ತಿದೆ ಎನ್ನುವಾಗ, ಹೊಸ್ತಿಲಲ್ಲಿ ನಿಂತವನನ್ನು ತಡೆಯಲಿಕ್ಕೆ.

ಇಲ್ಲಿಗೆ ಸುಲಭವಾಗಿ ಒಂದು ಗೆರೆ ಎಳೆಯಬಹುದಿತ್ತು: ಒಳಗಿನದು ಆತುರ, ಹೊರಗೆ ಬಂದದ್ದು ದುಡುಕು. ಆದರೆ ಹಾಗೆ ಎಳೆದರೆ ಥಟ್ಟನೆ ಮಾಡಿದ ಕೆಲಸವೆಲ್ಲವೂ ದುಡುಕಾಗಿಬಿಡುತ್ತದೆ. ಅದು ನಿಜವೆ? ಇದನ್ನು ವಿಚಾರಿಸಲು ನಾವೆಲ್ಲರೂ ಚಿಕ್ಕಂದಿನಲ್ಲಿ ಕೇಳಿದ ಒಂದು ಕತೆ ಸಾಕು.

ಬ್ರಾಹ್ಮಣನ ಮನೆಯ ಮುಂಗುಸಿಯ ಕತೆ ಅದು. ತಾಯಿ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ನೀರಿಗೆ ಹೋದಳು. ಸಾಕಿದ ಮುಂಗುಸಿ ಮನೆಯಲ್ಲಿತ್ತು. ಒಂದು ಹಾವು ತೊಟ್ಟಿಲ ಬಳಿಗೆ ಹರಿದುಬಂತು. ಮುಂಗುಸಿ ಅದರ ಮೇಲೆ ಹಾರಿ ತುಂಡು ತುಂಡು ಮಾಡಿತು. ತಾಯಿ ಬರುವ ಸಪ್ಪಳ ಕೇಳಿ, ಮಾಡಿದ ಕೆಲಸದ ಹಿಗ್ಗಿನಲ್ಲಿ, ರಕ್ತ ಮೆತ್ತಿದ ಬಾಯಿಯೊಡನೆಯೇ ಎದುರಿಗೆ ಓಡಿಬಂತು. ಆಕೆ ಆ ರಕ್ತವನ್ನು ಕಂಡಳು; ಮಗುವನ್ನು ಕೊಂದಿತೆಂದುಕೊಂಡಳು; ಕೈಯಲ್ಲಿದ್ದ ತುಂಬಿದ ಕೊಡವನ್ನು ಅದರ ಮೇಲೆ ಎತ್ತಿಹಾಕಿದಳು. ಒಳಗೆ ಹೋದರೆ ಮಗು ನಿದ್ದೆ ಮಾಡುತ್ತಿತ್ತು.

ಈ ಕತೆಯನ್ನು ನಾನು ಎಷ್ಟೋ ವರ್ಷ ಹೇಳಿಕೊಂಡು ಬಂದಿದ್ದೇನೆ. ಅದರಲ್ಲಿ ಒಂದಲ್ಲ, ಎರಡು ಹಠಾತ್ ಕೃತ್ಯಗಳಿವೆ ಎಂಬುದು ಮೊನ್ನೆಯವರೆಗೆ ನನಗೆ ಹೊಳೆದಿರಲಿಲ್ಲ. ಮುಂಗುಸಿ ಹಾರಿದ್ದೂ ಕ್ಷಣದಲ್ಲಿ, ತಾಯಿ ಕೊಡ ಎತ್ತಿಹಾಕಿದ್ದೂ ಕ್ಷಣದಲ್ಲಿ. ಗಡಿಯಾರ ಹಿಡಿದು ನೋಡಿದರೆ ಮುಂಗುಸಿಯೇ ಹೆಚ್ಚು ವೇಗಿ. ಆದರೂ ಮುಂಗುಸಿ ದುಡುಕಿತು ಎಂದು ಯಾರೂ ಹೇಳುವುದಿಲ್ಲ. ಏಕೆ? ಮುಂಗುಸಿಯ ಕಣ್ಣೆದುರಿಗೆ ಹಾವಿತ್ತು, ತೊಟ್ಟಿಲಿತ್ತು, ಮಗುವಿತ್ತು. ನೋಡಬೇಕಾದದ್ದೆಲ್ಲವನ್ನೂ ನೋಡಿಯೇ ಅದು ಹಾರಿತು. ತಾಯಿ ಕಂಡದ್ದು ರಕ್ತವನ್ನು ಮಾತ್ರ. ತೊಟ್ಟಿಲು ಹತ್ತು ಹೆಜ್ಜೆಯಾಚೆ ಇತ್ತು. ಆ ಹತ್ತು ಹೆಜ್ಜೆಯನ್ನು ಆಕೆ ನಡೆಯಲಿಲ್ಲ.

ಸಂಸ್ಕೃತ ಪಂಚತಂತ್ರದಲ್ಲಿ ಈ ಕತೆ ಬರುವ ಭಾಗಕ್ಕೆ 'ಅಪರೀಕ್ಷಿತಕಾರಕ' ಎಂದು ಹೆಸರು: ಪರೀಕ್ಷಿಸದೆ ಮಾಡಿದವನು. ಬೇಗ ಮಾಡಿದವನು ಎಂದಲ್ಲ. ನಮ್ಮ ದುರ್ಗಸಿಂಹನೂ, ಚಾಳುಕ್ಯ ಜಯಸಿಂಹನ ಕಾಲದಲ್ಲಿ, ಹನ್ನೊಂದನೆಯ ಶತಮಾನದಲ್ಲಿ, ಕನ್ನಡದಲ್ಲಿ ಪಂಚತಂತ್ರ ಬರೆದಾಗ ಒಂದು ಪ್ರಕರಣಕ್ಕೆ ಪರೀಕ್ಷೆಯ ಹೆಸರನ್ನೇ ಇಟ್ಟನು. ಹಿರಿಯರು ದೋಷವನ್ನು ಸರಿಯಾದ ಜಾಗದಲ್ಲಿಯೇ ಗುರುತಿಸಿದ್ದರು. ಕಾಲ ಕಡಿಮೆಯಾದದ್ದು ದೋಷವಲ್ಲ, ನೋಟ ಕಡಿಮೆಯಾದದ್ದು ದೋಷ. ನೋಡಲು ಕೆಲವೊಮ್ಮೆ ಕಣ್ಣಿನ ಒಂದು ಎವೆ ಸಾಕು. ಕೆಲವೊಮ್ಮೆ ಹತ್ತು ಹೆಜ್ಜೆ ನಡೆಯಬೇಕು. ನಡೆಯಬೇಕಾದಾಗ ನಡೆಯದಿರುವುದೇ ದುಡುಕು.

ಇದು ನಿಜವಾದರೆ ಇನ್ನೊಂದು ವಿಚಿತ್ರವೂ ನಿಜವಾಗಬೇಕು: ನಿಧಾನವಾಗಿಯೂ ದುಡುಕಬಹುದು. ಅಣ್ಣ ಏನೋ ಅಂದನೆಂದು ಯಾರದೋ ಬಾಯಿಂದ ಕೇಳಿ, ಅದನ್ನು ಆರು ತಿಂಗಳು ಮನಸ್ಸಿನಲ್ಲಿಟ್ಟುಕೊಂಡು, 'ಹೀಗೆ ಅಂದಿಯಾ?' ಎಂದು ಒಮ್ಮೆಯೂ ಕೇಳದೆ, ದೀಪಾವಳಿಗೆ ಮನೆಗೆ ಹೋಗುವುದನ್ನು ನಿಲ್ಲಿಸಿದ ತಮ್ಮಂದಿರನ್ನು ನಾವು ಕಂಡಿಲ್ಲವೆ? ಅವರು ಆತುರಪಟ್ಟವರಲ್ಲ. ಬೇಕಾದಷ್ಟು ಕಾಲ ತೆಗೆದುಕೊಂಡರು. ಆದರೆ ಹತ್ತು ಹೆಜ್ಜೆ ಮಾತ್ರ ನಡೆಯಲಿಲ್ಲ. ಇದನ್ನು ದುಡುಕು ಎನ್ನಲು ನಿಘಂಟು ಒಪ್ಪಲಿಕ್ಕಿಲ್ಲ. ಮನಸ್ಸಾಕ್ಷಿ ಒಪ್ಪುತ್ತದೆ.

ನ್ಯಾಯಶಾಸ್ತ್ರಕ್ಕೂ ಈ ಎರಡು ಮಾತುಗಳ ಭೇದ ತಿಳಿದಿದೆ. ೧೮೬೦ರ ಭಾರತ ದಂಡ ಸಂಹಿತೆಯಲ್ಲಿ, ಗಂಭೀರವೂ ಹಠಾತ್ತೂ ಆದ ಪ್ರಚೋದನೆಯಿಂದ ಮನಸ್ಸಿನ ಹಿಡಿತ ತಪ್ಪಿದವನು ಕೊಂದರೆ, ಅದನ್ನು ಕೊಲೆಯೆಂದು ಎಣಿಸದೆ ಅದಕ್ಕಿಂತ ಕೆಳಗಿನ ಅಪರಾಧವೆಂದು ಎಣಿಸುವ ಒಂದು ವಿನಾಯಿತಿ ಇತ್ತು. ಇದು ಆತುರನಿಗೆ, ಎಂದರೆ ಪೀಡಿತನಿಗೆ, ಕಾನೂನು ತೋರಿದ ಕನಿಕರ. ೧೮೭೦ರಲ್ಲಿ ಅದೇ ಸಂಹಿತೆಗೆ ಇನ್ನೊಂದು ಕಲಮು ಸೇರಿತು: ಕೊಲ್ಲುವ ಉದ್ದೇಶವಿಲ್ಲದಿದ್ದರೂ ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದವನಿಗೆ ಶಿಕ್ಷೆ. ೨೦೨೪ರ ಜುಲೈ ೧ರಿಂದ ಹಳೆಯ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಈ ಎರಡು ವಿಚಾರಗಳೂ ಅದರಲ್ಲಿ ಉಳಿದುಕೊಂಡಿವೆ. ಆತುರಕ್ಕೆ ರಿಯಾಯಿತಿ ಉಂಟು. ದುಡುಕಿದವನು ಮಾತ್ರ 'ನನಗೆ ಕೆಟ್ಟ ಉದ್ದೇಶವಿರಲಿಲ್ಲ' ಎಂದು ಹೇಳಿ ಪಾರಾಗುವಂತಿಲ್ಲ.

ಆ ರಿಯಾಯಿತಿಗಾದರೂ ಒಂದು ಮಿತಿ ಇದೆ. ೧೯೫೯ರಲ್ಲಿ ಮುಂಬಯಿಯಲ್ಲಿ ನಡೆದ ನಾನಾವತಿ ಪ್ರಕರಣ ಹಿರಿಯ ಓದುಗರಿಗೆ ತಿಳಿದದ್ದೇ. ನೌಕಾಪಡೆಯ ಅಧಿಕಾರಿಯೊಬ್ಬನು, ಹೆಂಡತಿ ತನ್ನ ಪರಪುರುಷ ಸಂಬಂಧವನ್ನು ಒಪ್ಪಿಕೊಂಡ ದಿನವೇ, ಆ ಪುರುಷನನ್ನು ಗುಂಡಿಕ್ಕಿ ಕೊಂದನು. ಜ್ಯೂರಿಯವರು ಅವನನ್ನು ನಿರ್ದೋಷಿ ಎಂದರು; ಹೈಕೋರ್ಟು ಅದನ್ನು ಒಪ್ಪಲಿಲ್ಲ. ೧೯೬೧ರ ನವೆಂಬರದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದರ ತಾತ್ಪರ್ಯ ಇಷ್ಟು: ಅವನು ಮನೆ ಬಿಟ್ಟದ್ದು ಮಧ್ಯಾಹ್ನ ಒಂದೂವರೆ ಗಂಟೆಗೆ; ಗುಂಡು ಹಾರಿದ್ದು ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ. ನಡುವೆ ಹೆಂಡತಿ ಮಕ್ಕಳನ್ನು ಸಿನಿಮಾಕ್ಕೆ ಬಿಟ್ಟು ಬಂದನು, ಹಡಗಿಗೆ ಹೋಗಿ ರಿವಾಲ್ವರು ತಂದನು. ಮನಸ್ಸು ಹಿಡಿತಕ್ಕೆ ಬರಲು ಇಷ್ಟು ಹೊತ್ತು ಸಾಕಾಗಿತ್ತು. ಬೇನೆ ನಿಜವಿದ್ದೀತು, ಆದರೆ ಬೇನೆಯ ಹೆಸರಿನಲ್ಲಿ ಮೂರು ತಾಸಿನ ಲೆಕ್ಕವನ್ನು ಅಳಿಸಿಹಾಕಲು ಬರುವುದಿಲ್ಲ.

ಹಾಗಾದರೆ ಬೇನೆಯೂ ಇದ್ದು ದುಡುಕದಿರುವುದು ಸಾಧ್ಯವೆ? ಮಹಾಭಾರತದಲ್ಲಿ ಇದಕ್ಕೆ ಉತ್ತರ ಕೊಡುವವನು ಧರ್ಮರಾಯನಲ್ಲ, ಭೀಮ. ವಿರಾಟನ ಸಭೆಯಲ್ಲಿ ಕೀಚಕನು ದ್ರೌಪದಿಯನ್ನು ಒದೆಯುವಾಗ ಭೀಮ ಅಲ್ಲಿಯೇ ಇದ್ದಾನೆ. ಹತ್ತಿರದ ಮರದ ಮೇಲೆ ಅವನ ಕಣ್ಣು ಹೋಗುತ್ತದೆ. ಕಿತ್ತರೆ ಕೀಚಕನೊಡನೆ ಸಭೆಯೂ ಮುಗಿಯುತ್ತದೆ. ಅಣ್ಣನು ಸನ್ನೆ ಮಾಡುತ್ತಾನೆ. ಭೀಮ ನಿಲ್ಲುತ್ತಾನೆ. ಅಜ್ಞಾತವಾಸದ ಕಟ್ಟು, ಐವರ ಬದುಕು, ದ್ರೌಪದಿಯ ಮುಂದಿನ ಗತಿ, ಇವೆಲ್ಲವನ್ನೂ ಅವನು ಆ ಒಂದು ನಿಮಿಷದಲ್ಲಿ ನೋಡಿರಬೇಕು. ಆಮೇಲೆ ದ್ರೌಪದಿ ಬಂದು ಎಬ್ಬಿಸಿದಾಗ, ಸ್ಥಳವನ್ನೂ ಹೊತ್ತನ್ನೂ ಗೊತ್ತುಮಾಡಿಕೊಂಡು ಕೀಚಕನನ್ನು ಮುಗಿಸುತ್ತಾನೆ. ಕೊಲೆಯ ಸರಿ-ತಪ್ಪು ಬೇರೆ ಮಾತು. ಆದರೆ ಆ ಸಭೆಯಲ್ಲಿ ಭೀಮನಷ್ಟು ಆತುರನಾದವನು ಮತ್ತೊಬ್ಬನಿರಲಿಲ್ಲ, ಮತ್ತು ಅವನು ದುಡುಕಲಿಲ್ಲ. ನಮ್ಮ ಹುಬ್ಬಳ್ಳಿಯ ಬಳಿಯ ಕೋಳಿವಾಡದ ಕುಮಾರವ್ಯಾಸನ ಭಾರತ ಓದಿದವರಿಗೆ ಭೀಮನೆಂದರೆ ಏಕೆ ಅಷ್ಟು ಪ್ರೀತಿ ಎಂದು ನನಗೆ ಈಗ ತಿಳಿಯುತ್ತಿದೆ.

ಇಲ್ಲಿ ಇನ್ನೊಂದು ಮಾತು ನೆನಪಾಗುತ್ತದೆ. ಭೀಮನನ್ನೇ ನಾಯಕನನ್ನಾಗಿ ಮಾಡಿ ರನ್ನನು ಬರೆದ ಗದಾಯುದ್ಧಕ್ಕೆ ಸಾಹಸಭೀಮವಿಜಯವೆಂದು ಇನ್ನೊಂದು ಹೆಸರು. ಸಾಹಸವೆಂದರೆ ನಮಗೆ ಹೊಗಳಿಕೆ. ಆದರೆ ಧರ್ಮಶಾಸ್ತ್ರಗಳಲ್ಲಿ ಸಾಹಸವೆಂದರೆ ಬಲಾತ್ಕಾರದಿಂದ ಮಾಡಿದ ಅಪರಾಧ; ರಾಜನು ದಂಡಿಸಬೇಕಾದ ವ್ಯವಹಾರಗಳಲ್ಲಿ ಅದೂ ಒಂದು. ಅದರ ಒಡಹುಟ್ಟಿದ 'ಸಹಸಾ' ಎಂಬುದಕ್ಕೆ ಹಿಂದುಮುಂದು ನೋಡದೆ, ಥಟ್ಟನೆ ಎಂದು ಅರ್ಥ. ಅಪರಾಧದ ಮಾತು ಹೊಗಳಿಕೆಯ ಮಾತಾದದ್ದು ಹೇಗೆ? ಗೆದ್ದವನ ಕೃತ್ಯಕ್ಕೆ ಹೆಸರಿಡುವವರು ಅವನ ಕಡೆಯವರೇ ಆಗಿರುತ್ತಾರೆ ಎಂಬುದೂ ಒಂದು ಕಾರಣವಿದ್ದೀತು. ನಮ್ಮ ಮನೆಗಳಲ್ಲಿಯೂ ಇದೇ ನಡೆಯುತ್ತದೆ. ಮಗ ಕೆಲಸ ಬಿಟ್ಟು ಅಂಗಡಿ ಹಾಕಿ ಗೆದ್ದರೆ ಸಾಹಸ, ಸೋತರೆ ದುಡುಕು. ಪಕ್ಕದ ಮನೆಯವನು ಬೈದರೆ ದುಡುಕು. ನಾವು ಬೈದರೆ, 'ಆಗ ಸ್ವಲ್ಪ ಆತುರದಾಗಿದ್ದೆ'.

ಈ ಕೊನೆಯ ವಾಕ್ಯವನ್ನು ನಾನು ಯಾರ ಬಾಯಿಂದಲೂ ಎರವಲು ತಂದಿಲ್ಲ. ಅದು ನನ್ನದೇ.

ಹದಿನಾಲ್ಕು ವರ್ಷಗಳ ಹಿಂದಿನ ಮಾತು. 'ನಮ್ಮೂರು' ಎಂಬ ವಿಷಯದ ಮೇಲೆ ನಿಬಂಧ ಬರೆದು ತರಲು ವಿದ್ಯಾರ್ಥಿಗಳಿಗೆ ಹೇಳಿದ್ದೆ. ಆಗ ನಮ್ಮ ತಂದೆ ಆಸ್ಪತ್ರೆಯಲ್ಲಿದ್ದರು. ರಾತ್ರಿ ಅವರ ಮಂಚದ ಬಳಿ ಕುಳಿತು ಅರವತ್ತು ನಿಬಂಧಗಳನ್ನು ತಿದ್ದಬೇಕಾಗಿತ್ತು. ನವಲಗುಂದ ತಾಲೂಕಿನ ಒಂದು ಹಳ್ಳಿಯಿಂದ ದಿನಾಲು ಮೊದಲ ಬಸ್ಸಿಗೆ ಬರುತ್ತಿದ್ದ ಹುಡುಗನೊಬ್ಬನ ನಿಬಂಧ ಕೈಗೆ ಬಂತು. ಮೊದಲ ಪುಟ ಓದಿದೆ. ಊರ ಕೆರೆ ಒಡೆದ ವರ್ಣನೆ. ಹಳಗಾಲದ, ಗಟ್ಟಿಯಾದ, ತೂಗಿ ನಡೆಯುವ ಕನ್ನಡ. ತರಗತಿಯಲ್ಲಿ ಬಾಯಿ ಬಿಡದ ಹುಡುಗನಿಗೆ ಇಂಥ ಕನ್ನಡ ಎಲ್ಲಿಂದ ಬರಬೇಕು? ಎಲ್ಲಿಂದಲೋ ಇಳಿಸಿದ್ದಾನೆ ಎಂದುಕೊಂಡೆ. ಪುಟ ತಿರುವಲಿಲ್ಲ. ಮೊದಲ ಪುಟದ ಅಂಚಿನಲ್ಲಿ ಕೆಂಪು ಶಾಯಿಯಿಂದ 'ನಕಲು' ಎಂದು ಬರೆದೆ. ಮರುದಿನ ತರಗತಿಯಲ್ಲಿ ಎಲ್ಲರೆದುರು ಅದನ್ನು ಎತ್ತಿ ತೋರಿಸಿ, "ಕದ್ದ ಬಂಗಾರಕ್ಕಿಂತ ಸ್ವಂತ ಕಬ್ಬಿಣ ಮೇಲು" ಎಂದು ಒಂದು ಸುಭಾಷಿತವನ್ನೂ ಹೇಳಿದೆ. ಹುಡುಗರು ನಕ್ಕರು. ಅವನು ಏನೂ ಹೇಳಲಿಲ್ಲ.

ಒಂದು ವಾರದ ಮೇಲೆ ಅಂಕಗಳನ್ನು ಬರೆದುಕೊಳ್ಳುವಾಗ ಆ ನಿಬಂಧವನ್ನು ಪೂರ್ತಿ ತಿರುವಿದೆ. ಐದನೆಯ ಪುಟದ ಕೊನೆಯಲ್ಲಿ ಅವನೇ ಬರೆದಿದ್ದನು: ಮೊದಲನೆಯ ಪುಟದ ಸಂಗತಿಯನ್ನು ಅಜ್ಜ ಹೇಳಿದ ಹಾಗೆಯೇ ಬರೆದಿದ್ದೇನೆ, ಅಜ್ಜ ದೊಡ್ಡಾಟ ಕಲಿಸುವ ಮಾಸ್ತರರು, ಅವರ ಮಾತನ್ನು ಬದಲು ಮಾಡಲು ಮನಸ್ಸಾಗಲಿಲ್ಲ.

ಆಗ ನಾನು ಮಾಡಿದ್ದೇನು? ಆ ಹುಡುಗನಿಗೆ ಎಲ್ಲರಿಗಿಂತ ಹೆಚ್ಚು ಅಂಕ ಕೊಟ್ಟೆ. ಮಾತು ಮಾತ್ರ ಒಂದೂ ಆಡಲಿಲ್ಲ. ತಂದೆಯ ಬೇನೆ, ನಿದ್ದೆಗೆಟ್ಟ ರಾತ್ರಿ, ಆತುರದಲ್ಲಿ ಆದದ್ದು, ಯಾರಿಗಾದರೂ ಆಗುವಂಥದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಮುಂದಿನ ವರ್ಷ ಅವನು ಐಚ್ಛಿಕ ವಿಷಯವಾಗಿ ಕನ್ನಡ ತೆಗೆದುಕೊಳ್ಳಲಿಲ್ಲ.

ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಸಿಟ್ಟನ್ನು ಅವಸರದ ಸೇವಕನಿಗೆ ಹೋಲಿಸಿದ್ದಾನೆ. ಯಜಮಾನ ಹೇಳುವುದನ್ನು ಪೂರ್ತಿ ಕೇಳುವ ಮೊದಲೇ ಆ ಸೇವಕ ಹೊರಗೆ ಓಡುತ್ತಾನೆ. ಹೋಗಿ ತಪ್ಪು ಕೆಲಸ ಮಾಡಿ ಬರುತ್ತಾನೆ. ಬಾಗಿಲ ಸಪ್ಪಳ ಕೇಳಿದೊಡನೆ, ಬಂದವರು ಬಳಗದವರೋ ಅಲ್ಲವೋ ಎಂದು ನೋಡದೆ ಬೊಗಳುವ ನಾಯಿಗೂ ಹೋಲಿಸಿದ್ದಾನೆ. ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಅವನು ನನ್ನ ಕೆಂಪು ಶಾಯಿಯನ್ನು ಕಂಡಿದ್ದನೆಂದು ತೋರುತ್ತದೆ. ಐದು ಪುಟದಲ್ಲಿ ಒಂದನ್ನು ಓದಿ ಓಡಿದ ಸೇವಕ ನಾನು.

ಮೂರು ವರ್ಷಗಳ ಹಿಂದೆ ರಾಯಾಪುರದ ಬಸ್ ನಿಲ್ದಾಣದಲ್ಲಿ ಅವನು ಸಿಕ್ಕನು. ಈಗ ದೊಡ್ಡವನಾಗಿ, ಒಂದು ಕಚೇರಿಯಲ್ಲಿ ನೌಕರಿಯಲ್ಲಿದ್ದಾನೆ. ಅವನೇ ಗುರುತು ಹಿಡಿದು ನಮಸ್ಕಾರ ಮಾಡಿದನು. ಅದೂ ಇದೂ ಮಾತಾಡಿದೆವು. ಕೊನೆಗೆ ನಾನೇ ಧೈರ್ಯ ಮಾಡಿ, "ಅವತ್ತ ನಿನಗ ಹಂಗ ಅನ್ನಬಾರದಿತ್ತಪ್ಪ. ನಮ್ಮ ತಂದಿ ದವಾಖಾನಿಯೊಳಗ ಇದ್ದರು. ಭಾಳ ಆತುರದಾಗಿದ್ದೆ" ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದನು: "ಇರ್ತದರಿ ಸರ್. ಅವತ್ತ ಆತುರ ಇದ್ದೀತು. ಮಾರ್ಕ್ಸ್ ಕೊಡೂವಾಗ ನೀವು ಕಡೀ ಪುಟ ಓದಿದ್ರಿ, ಅದೂ ನನಗ ಗೊತ್ತಾತು. ಓದಿದ ಮ್ಯಾಲ ಒಂದ ಮಾತ ಕರದು ಹೇಳ್ತೀರಿ ಅಂತ ತಿಳಕೊಂಡಿದ್ದೆ."

ನನಗೆ ಉತ್ತರ ಹೊಳೆಯಲಿಲ್ಲ. ಅಜ್ಜ ಹೇಗಿದ್ದಾರೆಂದು ಕೇಳಿದೆ. ತೀರಿಕೊಂಡರೆಂದನು. "ಅವಗ ಏನೂ ಹೇಳಲಿಲ್ರಿ. ಮಾಸ್ತರು ಏನ್ ಅಂದ್ರು ಅಂತ ಕೇಳಿದ. ಭಾಳ ಚಲೋ ಅದ ಅಂದ್ರು ಅಂತ ಹೇಳಿದೆ." ಅಷ್ಟರಲ್ಲಿ ಅವನ ಬಸ್ಸು ಬಂತು.

ಆ ಹುಡುಗ ತನ್ನ ಅಜ್ಜನಿಗಾಗಿ ಆಡಿದ ಮಾತು ನಾನು ಆಡಬೇಕಾಗಿದ್ದ ಮಾತು. ನಾನು ಆಡಲಿಲ್ಲವೆಂದು ಅವನು ನನ್ನ ಪರವಾಗಿ ಸುಳ್ಳು ಹೇಳಬೇಕಾಯಿತು.

ಈ ಎರಡು ಮಾತುಗಳ ನಡುವಿನ ದೂರ ಎಷ್ಟೆಂದು ಈಗ ನಾನು ಹೇಳಬಲ್ಲೆ. ನನ್ನ ಆತುರ ಸುಳ್ಳಾಗಿರಲಿಲ್ಲ. ಆ ರಾತ್ರಿ ನಾನು ನಿಜವಾಗಿಯೂ ಆತುರನೇ ಆಗಿದ್ದೆ, ಆ ಪದದ ಹಳೆಯ ಅರ್ಥದಲ್ಲಿ. ಅದಕ್ಕೆ ಕರುಣೆ ಸಲ್ಲಬೇಕು, ಮತ್ತು ಆ ಹುಡುಗ ಅದನ್ನು ಸಲ್ಲಿಸಿದನು. ಆದರೆ ಪುಟ ತಿರುವದ ಕೈ ಆತುರದ್ದಲ್ಲ, ನನ್ನದು. ಆತುರ ನಮ್ಮನ್ನು ಹೊಸ್ತಿಲವರೆಗೆ ನೂಕಬಹುದು. ಹೊಸ್ತಿಲು ದಾಟುವ ಕಾಲು ನಮ್ಮದೇ. ಆತುರಕ್ಕೆ ನಾವು ಕರುಣೆಯನ್ನು ನಿರೀಕ್ಷಿಸಬಹುದು. ದುಡುಕಿಗೆ ಹಾಗೆ ನಿರೀಕ್ಷಿಸುವಂತಿಲ್ಲ. ಎದ್ದು ಹೋಗಿ ಕ್ಷಮೆ ಕೇಳಬೇಕು. ಈ ಎರಡನ್ನೂ ಒಂದೇ ಎನ್ನುವುದರಲ್ಲಿರುವ ಅಪಾಯ ಪರೀಕ್ಷೆಯಲ್ಲಿ ಅಂಕ ಹೋಗುವುದಲ್ಲ. ದುಡುಕನ್ನು ಆತುರವೆಂದು ಕರೆದ ಕೂಡಲೇ ಕ್ಷಮೆ ಕೇಳುವ ಕೆಲಸ ತಪ್ಪಿತೆಂದು ಮನಸ್ಸು ತಿಳಿದುಕೊಳ್ಳುತ್ತದೆ. ನಾನು ದುಡುಕಿದ್ದು ಅರ್ಧ ನಿಮಿಷ. ಅದಕ್ಕೆ ಆತುರವೆಂಬ ಹೆಸರಿಟ್ಟು ಮುಚ್ಚಿಟ್ಟದ್ದು ಹನ್ನೊಂದು ವರ್ಷ. ಯಾವುದು ಹೆಚ್ಚಿನ ತಪ್ಪೆಂದು ಓದುಗರೇ ನಿರ್ಣಯಿಸಲಿ.

'ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ' ಎಂದು ಗಾದೆ ಇದೆ. ಬರುವುದಿಲ್ಲ, ನಿಜ. ಮುಂಗುಸಿಯೂ ಎದ್ದು ಬರಲಿಲ್ಲ. ಆದರೆ ಮನುಷ್ಯರ ನಡುವೆ ಎಷ್ಟೋ ಸಲ ಗಾಯ ಅಷ್ಟು ಪೂರ್ಣವಾಗಿರುವುದಿಲ್ಲ. ಮಾರನೆಯ ದಿನವೋ, ವಾರದ ಮೇಲೋ, ಕೊನೆಯ ಪುಟ ನಮ್ಮ ಕಣ್ಣಿಗೆ ಬೀಳುತ್ತದೆ. ಆ ಹೊತ್ತಿಗೆ ಆತುರವೆಲ್ಲ ಇಳಿದುಹೋಗಿರುತ್ತದೆ. ಪರಮಾತ್ಮ ಕೊಟ್ಟ ಎರಡನೆಯ ಅವಕಾಶವೆಂದರೆ ಅದೇ. ಆಗಲೂ ಹತ್ತು ಹೆಜ್ಜೆ ನಡೆಯದವನು ಮತ್ತೊಮ್ಮೆ ದುಡುಕಿದಂತೆಯೇ.

ಮರುದಿನ ತರಗತಿಗೆ ಹೋದವನೇ ಆ ವಿದ್ಯಾರ್ಥಿನಿಯನ್ನು ಎಬ್ಬಿಸಿ, "ನಿನ್ನೆ ನಾನು ಹೇಳಿದ್ದು ತಪ್ಪವ್ವ. ಆತುರ, ದುಡುಕು ಎರಡೂ ಒಂದೇ ಅಲ್ಲ. ನಿನ್ನ ಪ್ರಶ್ನೆ ಪೂರಾ ಕೇಳಿಸಿಕೊಳ್ಳದ ಉತ್ತರ ಹೇಳಿಬಿಟ್ಟೆ" ಎಂದೆ. ಹುಡುಗರಿಗೆ ಆಶ್ಚರ್ಯವಾಯಿತು. ಆಕೆ ನಕ್ಕು, "ಹಂಗಂದ್ರ ನಿನ್ನೆ ನೀವು ಆತುರಪಟ್ರೇನ್ರಿ ಸರ್, ದುಡುಕಿದ್ರೇನ್ರಿ?" ಎಂದು ಕೇಳಿದಳು.

"ದುಡುಕಿದೆ" ಎಂದೆ. ಹೇಳುವುದು ನಾನು ತಿಳಿದಷ್ಟು ಕಷ್ಟವಾಗಲಿಲ್ಲ. ಈ ಭಾನುವಾರ ನವಲಗುಂದದ ಕಡೆಗೆ ಹೋಗುವ ಬಸ್ಸು ಎಷ್ಟು ಗಂಟೆಗಿದೆಯೆಂದು ವಿಚಾರಿಸಿ ಇಟ್ಟುಕೊಂಡಿದ್ದೇನೆ.